ಬರಿಗೈಯಲ್ಲಿ ಬಡಿದ ರೊಟ್ಟಿ

ಪರೀಕ್ಷೆಯ ಮೇಲ್ವಿಚಾರಣೆಗೆಂದು ಹೋದ ತಿಂಗಳು ಮುಂಡಗೋಡದಿಂದ ದಾಂಡೇಲಿಗೆ ಹೋಗಿದ್ದೆ. ಬಸ್ಸಿಳಿದವನು ಯಾರನ್ನೂ ಕೇಳದೆ ಲಾರಿ ಗ್ಯಾರೇಜುಗಳ ಹಿಂದಿನ ಓಣಿಗೆ ನಡೆದೆ. ಅಲ್ಲಿ ತಗಡಿನ ಮಾಡಿನ ಮೂರು ಖೋಲಿಗಳಿವೆ. ಊರಿಗೆ ಬಂದು ನಾಲ್ಕಾರು ದಿನ ನಿಂತು ಹೋಗುವವರಿಗಾಗಿ ಇರುವ ಖೋಲಿಗಳು. ಅಡುಗೆ ಅವರವರೇ ಮಾಡಿಕೊಳ್ಳಬೇಕು. ಖೋಲಿಗಳ ಯಜಮಾನರಾದ ಚಾಚಾ ಎಲ್ಲಿ ಎಂದು ಕೇಳಿದೆ. ಕೀಲಿ ತಂದುಕೊಟ್ಟ ಅವರ ಮಗಳು, "ಅಬ್ಬಾ ತೀರಿಹೋಗಿ ನಾಕ ತಿಂಗಳಾತ್ರೀ ಮಾಸ್ತರ," ಎಂದಳು.

ಒಳಗೆ ಹೋಗಿ, ಕೈಚೀಲ ಕೆಳಗಿಡುವ ಮೊದಲೇ ಬಾಗಿಲ ಚೌಕಟ್ಟಿನ ಮೇಲೆ ಕೈಯಾಡಿಸಿದೆ. ಕಡ್ಡಿಪೆಟ್ಟಿಗೆ ಇತ್ತು. ಅಲ್ಲಾಡಿಸಿದೆ, ತುಂಬಿತ್ತು. ಒಲೆಯ ಪಕ್ಕದಲ್ಲಿ ಒಂದು ಹೇಗೂ ಇದ್ದೇ ಇರುತ್ತದೆ, ಇದು ಎರಡನೆಯದು. ಈ ಎರಡನೆಯ ಪೆಟ್ಟಿಗೆಯ ಸಂಗತಿ ಗೊತ್ತಿಲ್ಲದವರಿಗೆ ಚಾಚಾ ಗೊತ್ತಿಲ್ಲ. ನನಗೆ ಗೊತ್ತಿದ್ದರು. ನಾನು ಇವತ್ತು ಮಾಸ್ತರ ಎನಿಸಿಕೊಂಡಿರುವುದು ಆ ಖೋಲಿಗಳಲ್ಲಿ ಆದ ಒಂದು ಮಾತಿನಿಂದ. ಅದಕ್ಕೇ ಬರೆಯುತ್ತಿದ್ದೇನೆ.

ಚಾಚಾ ಮೊದಲು ಬಿದಿರಿನ ಲಾರಿ ಓಡಿಸುತ್ತಿದ್ದರು. ಜೋಯಿಡಾದ ಕಡೆಯ ಅಡವಿಯಿಂದ ಕಾಗದದ ಗಿರಣಿಗೆ ಬಿದಿರು. ಒಮ್ಮೆ ಕುಂಬಾರವಾಡದ ದಾರಿಯಲ್ಲಿ ಅಚ್ಚು ಮುರಿದು ಲಾರಿ ನಿಂತಿತು. ಬೇರೆ ಗಾಡಿ ಬರುವವರೆಗೆ ಎರಡು ದಿನ ಅಲ್ಲೇ. "ಅಕ್ಕಿ ಇತ್ತು, ಬ್ಯಾಳಿ ಇತ್ತು, ಹಳ್ಳದ ನೀರಿತ್ತು. ಕಟಗಿ ಅಂತೂ ಅಡವಿ ತುಂಬ ಬಿದ್ದಿತ್ತು," ಎಂದು ಅವರು ಬಂದವರಿಗೆಲ್ಲ ಹೇಳುತ್ತಿದ್ದರು. "ಕಡ್ಡಿ ಇರ್ಲಿಲ್ಲ ನೋಡ್ರಿ. ಕಡೀ ಕಡ್ಡಿ ಗೀರಿ ಬೀಡಿ ಹಚ್ಚಿಕೊಂಡಿದ್ದೆ. ಎರಡು ದಿನ ಹಸಿ ಅಕ್ಕಿ ನೆನಸಿ ತಿಂದೇನಿ. ಹಲ್ಲಿಗೆ ಕೇಳ್ರಿ, ಇನ್ನೂ ನೆನಪೈತಿ ಅದಕ್ಕ."

ಅಂದು ಬೀಡಿ ಬಿಟ್ಟರು. ಮುಂದೆ ಕಾಲ ಮೇಲೆ ಬಿದಿರಿನ ಹೊರೆ ಉರುಳಿ ಎಡಗಾಲು ಸೊಟ್ಟಾದ ಮೇಲೆ ಲಾರಿಯನ್ನೂ ಬಿಟ್ಟು ಈ ಖೋಲಿಗಳನ್ನು ಕಟ್ಟಿಸಿದರು. ಒಂದೊಂದಕ್ಕೂ ಎರಡೆರಡು ಕಡ್ಡಿಪೆಟ್ಟಿಗೆ ಇಟ್ಟರು. ಒಂದು ಕಾಣುವಲ್ಲಿ, ಇನ್ನೊಂದು ಚೌಕಟ್ಟಿನ ಮೇಲೆ. ಎರಡನೆಯದನ್ನು ಮೊದಲೇ ಯಾರಿಗೂ ಹೇಳುತ್ತಿರಲಿಲ್ಲ. ಹೇಳಿದರೆ ಅದೂ ಖಾಲಿಯಾಗುತ್ತದೆ ಎಂಬುದು ಅವರ ಅನುಭವ. ಯಾರಾದರೂ "ಚಾಚಾ, ಕಡ್ಡಿ ತೀರಿತು" ಎಂದು ಕೂಗಿದರೆ ಕುಳಿತಲ್ಲಿಂದಲೇ, "ಕೈ ಮ್ಯಾಲ ಮಾಡ್ರಿ," ಎನ್ನುತ್ತಿದ್ದರು. ಬಂದ ಮಂದಿ ಗಾಬರಿಯಾಗಿ ಎರಡೂ ಕೈ ಎತ್ತಿದ್ದೂ ಉಂಟು.

ಖೋಲಿಗೆ ಬಂದವರಿಗೆ ಹೊಸ್ತಿಲಲ್ಲೇ ಅವರು ಹೇಳುವ ಮಾತು ಒಂದೇ. "ನೀರು, ಬೆಂಕಿ, ಬೆಳಕು, ಉಪ್ಪು ನನ್ನವು. ಹಿಟ್ಟು, ಖಾರ, ದೇವ್ರು ನಿಮ್ಮವು." ನೀರು ಎಂದರೆ ಬೀದಿಯ ಬಾವಿಗೆ ಬೇಕಾದ ಹಗ್ಗ ಮತ್ತು ಕೊಡ. ಬೆಂಕಿ ಎಂದರೆ ಒಣಗಿದ ಕಟ್ಟಿಗೆ, ಹೊತ್ತಿಸುವುದಕ್ಕೆ ಬಿದಿರಿನ ಸಿಗುರು, ಊದುವ ಕೊಳವೆ. ಬೆಳಕು ಎಂದರೆ ಗಾಜು ಒರೆಸಿ ಎಣ್ಣೆ ತುಂಬಿದ ಕಂದೀಲು. ಖಾರ ಯಾಕಿಲ್ಲ ಎಂದು ನಾನೊಮ್ಮೆ ಕೇಳಿದೆ. "ಉಪ್ಪು ಎಲ್ಲಾ ಊರಾಗೂ ಒಂದ ಐತಿ ಮಾಸ್ತರ. ಖಾರ ಊರಿಗೊಂದು. ನನ್ನ ಖಾರ ನಿನ್ನ ಬಾಯಿಗೆ ಹತ್ತೂದಿಲ್ಲ, ಸುಮ್ಮನ ಯಾಕ ಜಗಳಾ?" ಎಂದರು. ದೇವರ ಮಾತೂ ತಮಾಷೆಯದಲ್ಲ. ಪ್ರತಿ ಖೋಲಿಯ ಮೂಡಣ ಗೋಡೆಯಲ್ಲಿ ಸುಣ್ಣ ಬಳಿದ ಒಂದು ಗೂಡು ಇತ್ತು, ಅದನ್ನು ಸದಾ ಖಾಲಿ ಇಡುತ್ತಿದ್ದರು. "ಅಲ್ಲಿ ಯಾರ ಬಂದು ಕೂಡ್ತಾರೋ ನಾ ಕೇಳೂದಿಲ್ಲ. ಜಾಗಾ ಅಷ್ಟ ನಂದು."

ಪಾತ್ರೆಗಳನ್ನೂ ಇಡುತ್ತಿದ್ದರು, ಎಲ್ಲವೂ ಹಿತ್ತಾಳೆ, ತಾಮ್ರ. ಅವುಗಳ ಪಕ್ಕದಲ್ಲಿ ಒಂದು ಬೊಗಸೆ ಬೂದಿ, ಹುಣಸೆಹಣ್ಣು, ತೆಂಗಿನ ನಾರು. ಪಾತ್ರೆಗಳು ಫಳಫಳ ಹೊಳೆಯುತ್ತಿದ್ದರೂ ಇವು ಇರಲೇಬೇಕು. "ತೊಳದ ಇಟ್ಟೇನಿ ಅಂತ ನಾ ಅಂದ್ರ ಯಾರು ನಂಬ್ತಾರ? ಅವರ ಕೈಲೆ ಅವರ ತಿಕ್ಕೊಂಡ್ರ ಅವರಿಗೆ ಸಮಾಧಾನ. ನಾ ಕೊಡೂದು ಪಾತ್ರಿ ಅಲ್ಲ, ಸಮಾಧಾನ," ಎನ್ನುತ್ತಿದ್ದರು. ಆ ಕಾಲಕ್ಕೆ ಅಲ್ಲಿಗೆ ಬರುತ್ತಿದ್ದವರು ಹೆಚ್ಚಾಗಿ ಧಾರವಾಡ, ಬೆಳಗಾವಿ ಕಡೆಯ ಹಿಂದೂ ಮಂದಿ. ಗಿರಣಿಯಲ್ಲಿ ಮಗನಿಗೆ ಕೆಲಸ ಹುಡುಕುವವರು, ಬಾಣಂತಿಯಾದ ಮಗಳನ್ನು ನೋಡಲು ಬಂದವರು, ಅಡವಿ ನೋಡಬೇಕೆಂದು ಮಕ್ಕಳನ್ನು ಕಟ್ಟಿಕೊಂಡು ಬಂದವರು. ಒಬ್ಬರು ಮುಟ್ಟಿದ್ದನ್ನು ಇನ್ನೊಬ್ಬರು ಉಣ್ಣದ ಕಾಲ. ಚಾಚಾ ಅದನ್ನು ಸರಿ ಎಂದೂ ಅನ್ನಲಿಲ್ಲ, ತಪ್ಪು ಎಂದೂ ಅನ್ನಲಿಲ್ಲ. ಮಳೆ ಬಂದರೆ ಕೊಡೆ ಹಿಡಿಯುವ ಹಾಗೆ ಅದಕ್ಕೊಂದು ವ್ಯವಸ್ಥೆ ಮಾಡಿಕೊಂಡಿದ್ದರು.

ಆ ವ್ಯವಸ್ಥೆ ಇದು. ಪ್ರತಿ ಖೋಲಿಯ ಒಲೆಯ ಸುತ್ತ ಗೇಣೆತ್ತರದ ಮಣ್ಣಿನ ಕಟ್ಟೆ. ಒಂದು ಸಂಸಾರ ಖಾಲಿ ಮಾಡಿ ಹೋದ ಕೂಡಲೇ ಪಕ್ಕದ ಮನೆಯ ಗಿರಣಿ ಕೆಲಸಗಾರನ ಹೆಂಡತಿ ಬಂದು ಒಲೆ ಸಾರಿಸಿ, ಸಾಮಾನುಗಳನ್ನು ಕಟ್ಟೆಯೊಳಗೆ ಜೋಡಿಸುತ್ತಿದ್ದಳು. ಅಲ್ಲಿಂದ ಮುಂದೆ ಚಾಚಾ ಆ ಕಟ್ಟೆ ದಾಟುತ್ತಿರಲಿಲ್ಲ. ಕಟ್ಟೆಯ ಈಚೆ ಒಂದು ಮಣೆ ಹಾಕಿಕೊಂಡು, ಸೊಟ್ಟ ಕಾಲನ್ನು ಉದ್ದಕ್ಕೆ ಚಾಚಿ ಕೂತು, ಬರಿಗೈಯಲ್ಲಿ ಅಡುಗೆ ಮಾಡುತ್ತಿದ್ದರು.

ನಾನು ಮೊದಲ ಸಲ ನೋಡಿದಾಗ ಮುದುಕರಿಗೆ ಏನೋ ಆಗಿದೆ ಎಂದೇ ತಿಳಿದೆ. ಒಂದು ದಿನ ಗಾಳಿಯಲ್ಲಿ ಕಡ್ಡಿ ಗೀರಿದರು, ಇಲ್ಲದ ಬೆಂಕಿಯನ್ನು ಊದಿದರು, ಇಲ್ಲದ ಅಕ್ಕಿಯನ್ನು ಮೂರು ನೀರಿನಲ್ಲಿ ತೊಳೆದರು. ನೀರು ಚೆಲ್ಲುವಾಗ ಕೈ ಗಕ್ಕನೆ ನಿಂತಿತು. "ತೊಳದ ನೀರು ಎಲ್ಲೆ ಬಗ್ಗಸ್ತಾರ ಇವ್ರು?" ಎಂದು ತಮ್ಮನ್ನೇ ಕೇಳಿಕೊಂಡರು. ಎದ್ದು ಹೋಗಿ ಒಂದು ಅಗಲ ಬಾಯಿಯ ಪಾತ್ರೆ ಕಳಿಸಿಕೊಟ್ಟರು. ಮತ್ತೆ ಕೂತರು. ಕುದಿಯುವ ಪಾತ್ರೆ ಇಳಿಸಲು ಎರಡೂ ಕೈ ಮುಂದೆ ಮಾಡಿ, ಬೆರಳು ಸುಟ್ಟವರಂತೆ ಹಿಂದಕ್ಕೆ ಎಳೆದುಕೊಂಡರು. ಇಕ್ಕಳ ಇರಲಿಲ್ಲ. ಅದೂ ಬಂತು. ಹೀಗೆ ಕೈಗೆ ಎಲ್ಲೆಲ್ಲಿ ಏನು ಸಿಗಲಿಲ್ಲವೋ ಅದೆಲ್ಲ ಆ ಖೋಲಿಗೆ ಸೇರುತ್ತಿತ್ತು. ಕೊನೆಗೆ ಉಂಡು, ಕೈ ತೊಳೆದು, ಒರೆಸಿಕೊಂಡು, ಅಂಗಿ ಬಿಚ್ಚಿ ಗೋಡೆಯ ಮೊಳೆಗೆ ಸಿಗಿಸಿದಂತೆ ಮಾಡಿ, "ಹಾಂ, ಈಗ ಕೊಡ್ರಿ ಕೀಲಿ," ಎನ್ನುತ್ತಿದ್ದರು.

ಇದರಲ್ಲೂ ತಪ್ಪುತ್ತಿದ್ದರು. ತಪ್ಪಿದ್ದನ್ನು ಹೇಳಿಕೊಂಡು ನಗುತ್ತಿದ್ದರು. ಒಬ್ಬ ಗುತ್ತಿಗೆದಾರ ಬಂದು, "ಏನ್ರೀ ಸಾಬರ, ಎಲ್ಲಾ ಇಟ್ಟೀರಿ, ಒಂದ ಕನ್ನಡಿ ಇಲ್ಲಲ್ರೀ? ಗಡ್ಡಾ ಹೆಂಗ ಮಾಡ್ಕೋಬೇಕು?" ಎಂದು ರೇಗಿದನಂತೆ. ಚಾಚಾ ತಮ್ಮ ಮೆಹಂದಿ ಹಚ್ಚಿದ ಉದ್ದ ಗಡ್ಡ ಹಿಡಿದುಕೊಂಡು, "ತಪ್ಪು ಇದರದು ನೋಡ್ರಿ. ಮೂವತ್ತು ವರ್ಷ ನನಗ ಕನ್ನಡಿ ನೆನಪ ಆಗದಂಗ ಮಾಡೇತಿ," ಎಂದು ಸಂಜೆಯೊಳಗೆ ಮೂರು ಕನ್ನಡಿ ತಂದು ತೂಗುಹಾಕಿದರು.

ಈಗ ನನ್ನ ಮಾತು. ನಮ್ಮ ಮನೆತನದಲ್ಲಿ ಶಾಲೆಯ ಮೆಟ್ಟಿಲು ಹತ್ತಿದವನು ನಾನೊಬ್ಬನೇ, ಬಿ.ಎ. ಮಾಡಿದವನೂ ನಾನೊಬ್ಬನೇ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಅಪ್ಪ ಬೇಗ ಹೋದ. ಅವ್ವ ಮಂದಿಯ ಹೊಲದಲ್ಲಿ ಮೆಣಸಿನಕಾಯಿ ಹರಿದು, ಹತ್ತಿ ಬಿಡಿಸಿ ನನ್ನನ್ನು ಧಾರವಾಡದಲ್ಲಿ ಓದಿಸಿದಳು. ಓದಿನ ನಾಲ್ಕು ವರ್ಷ ಸಿಕ್ಕದ್ದು ತಿಂದು, ಸಿಗದ ದಿನ ನೀರು ಕುಡಿದು ನನ್ನ ಹೊಟ್ಟೆ ಕೆಟ್ಟಿತ್ತು. ಹಳಿಯಾಳದಲ್ಲಿ ಮೊದಲ ನೌಕರಿ ಸಿಕ್ಕಾಗ ಮೂರು ತಿಂಗಳು ಹೋಟೆಲಿನಲ್ಲಿ ಉಂಡೆ. ನಾಲ್ಕನೆಯ ತಿಂಗಳು ರಕ್ತ ಕಾರಿಕೊಂಡು ಊರಿಗೆ ಹೋಗಿ ಮಲಗಿದೆ, ನೌಕರಿ ಹೋಯಿತು. ವೈದ್ಯರು ಹೇಳಿದ್ದು ಒಂದೇ ಮಾತು. ಮನೆಯ ಅಡುಗೆ ಉಂಡರೆ ಈ ಮನುಷ್ಯ ಉಳಿಯುತ್ತಾನೆ, ಹೊರಗೆ ಉಂಡರೆ ಇಲ್ಲ.

ಆಮೇಲೆ ದಾಂಡೇಲಿಯ ಹೈಸ್ಕೂಲಿನಲ್ಲಿ ಮಾಸ್ತರಿಕೆ ಸಿಕ್ಕಿತು. ಇದೂ ಕೈಬಿಟ್ಟರೆ ಮೂರನೆಯದು ಸಿಗುವ ಭರವಸೆ ಇರಲಿಲ್ಲ. ಅವ್ವ ಹಿಟ್ಟಿನ ಗಂಟು, ಹಂಚು, ರೊಟ್ಟಿ ಬಡಿಯುವ ಹಲಗೆ ಎಲ್ಲ ಕಟ್ಟಿಕೊಂಡು ನನ್ನ ಜೊತೆಗೇ ಹೊರಟಳು. ಬಂದು ನೋಡಿದರೆ ಊರೆಲ್ಲ ಗಿರಣಿಯ ಮಂದಿ, ಬಾಡಿಗೆಗೆ ಒಂದು ಮನೆಯೂ ಇಲ್ಲ. ಒಂದು ಮನೆ ಐದು ತಿಂಗಳಿಗೆ ಖಾಲಿಯಾಗುವುದಿತ್ತು. ಅಲ್ಲಿಯವರೆಗೆ ಸಿಕ್ಕದ್ದು ಚಾಚಾನ ಮೂರನೆಯ ಖೋಲಿ.

ನಾವು ಕೊರಳಲ್ಲಿ ಲಿಂಗ ಕಟ್ಟಿಕೊಂಡವರು. ಅವ್ವ ಅಂಗಳಕ್ಕೆ ಬಂದು, ಚಾಚಾನ ಟೊಪ್ಪಿಗೆ ನೋಡಿ, ಗಂಟು ತಲೆಯ ಮೇಲಿಂದ ಇಳಿಸಲೇ ಇಲ್ಲ. ನನ್ನನ್ನು ಆಚೆ ಕರೆದು, "ಹಿರ್ಯಾರು ಏನಂದಾರು? ನಾ ಇಲ್ಲಿ ಒಲಿ ಹಚ್ಚಾಕಿ ಅಲ್ಲ. ಇವತ್ತೊಂದು ದಿನ ಅವಲಕ್ಕಿ ತಿಂದು ಇರ್ತೇನಿ, ನಾಳಿ ಅಳ್ನಾವರದ ರೈಲಗಾಡಿಗೆ ನಾ ಹೊಳ್ಳಿ ಹೋಗ್ತೇನಿ," ಎಂದಳು.

"ಮತ್ತ ನನ್ನ ಊಟ?"

"ಅದನ್ನ ಕೇಳಬ್ಯಾಡ ನನ್ನ," ಎಂದು ಮುಖ ತಿರುಗಿಸಿದಳು. ಅವಳಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಅವಳು ಹೋದರೆ ಎರಡು ಮೂರು ತಿಂಗಳಿಗೆ ನಾನೂ ಅದೇ ಗಾಡಿ ಹತ್ತಬೇಕು.

ಚಾಚಾಗೆ ಇದು ಕೇಳಿಸಿತೋ ಇಲ್ಲವೋ ತಿಳಿಯದು. ಅವ್ವ ಮುಟ್ಟಲಿ ಬಿಡಲಿ ಎಂದು ಬೂದಿ, ಹುಣಸೆಹಣ್ಣು ಇಡಿಸಿ, "ನೀರು, ಬೆಂಕಿ, ಬೆಳಕು, ಉಪ್ಪು ನನ್ನವು ಅವ್ವಾರ," ಎಂದು ಶುರುಮಾಡಿ, ಆಕೆಯ ಮುಖ ನೋಡಿ ಅರ್ಧಕ್ಕೇ ನಿಲ್ಲಿಸಿ ಹೋದರು.

ಮರುದಿನ ಮುಂಜಾನೆ ಗಿರಣಿಯ ಭೋಂಗಾ ಕೂಗುವ ಹೊತ್ತಿಗೆ ಅವ್ವ ಗಂಟು ಕಟ್ಟಿ ಹೊರಗೆ ಕೂತಿದ್ದಳು. ಪಕ್ಕದ ಖೋಲಿ ಖಾಲಿಯಾಗಿತ್ತು, ನವಲಗುಂದದ ಕಡೆಯಿಂದ ಒಂದು ಸಂಸಾರ ಬರುವುದಿತ್ತು. ಬಾಗಿಲು ತೆರೆದಿತ್ತು. ಚಾಚಾ ಒಳಗೆ ಮಣೆಯ ಮೇಲೆ ಕೂತು, ಕಟ್ಟೆಯ ಈಚೆಯಿಂದ ತಮ್ಮ ಬರಿಗೈ ಅಡುಗೆ ನಡೆಸಿದ್ದರು. ನವಲಗುಂದದವರು ಎಂದ ಮೇಲೆ ಜೋಳದ ರೊಟ್ಟಿ. ಎಸರು ಇಟ್ಟರು, ಹಿಟ್ಟು ಕಲಸಿದರು, ನಾದಿದರು. ಎರಡೂ ಅಂಗೈ ಅಗಲ ಮಾಡಿ ಪಟಪಟ ಬಡಿದರು, ಎತ್ತಿ ಹಂಚಿಗೆ ಹಾಕಿದರು. ಅವ್ವ ಮೊದಲು ಓರೆಗಣ್ಣಿನಿಂದ ನೋಡುತ್ತಿದ್ದವಳು ಆಮೇಲೆ ಪೂರ್ತಿ ತಿರುಗಿ ಕೂತಳು. ಚಾಚಾ ಇಲ್ಲದ ರೊಟ್ಟಿಯನ್ನು ಹಂಚಿನ ಮೇಲೆ ತಿರುವಿ ಹಾಕಲು ಕೈ ಮಾಡಿದರು.

"ಅಯ್ಯ ಅಯ್ಯ! ಸಾಬರ, ನಿಂದರ್ರಿ! ರೊಟ್ಟಿ ಸೀಳೇ ಹೋತಲ್ರೀ!" ಎಂದು ಅವ್ವ ಕೂಗಿದಳು.

ಚಾಚಾ ಗಾಬರಿಯಾಗಿ ತಮ್ಮ ಅಂಗೈ ನೋಡಿಕೊಂಡರು, ನಿಜವಾಗಿ ಅಲ್ಲಿ ರೊಟ್ಟಿ ಇದ್ದ ಹಾಗೆ. "ಯಾಕ್ರೀ ಅವ್ವಾರ? ಏನಾತು?"

"ನೀರ ಹಚ್ಚಿದ್ರ್ಯಾ ಅದಕ್ಕ? ಹಂಚಿಗೆ ಹಾಕಿದ ಕೂಡ್ಲೆ ಮ್ಯಾಲ ಹಸಿ ಅರಿವೀಲೆ ನೀರ ಸವರಬೇಕು. ಒಣಾ ರೊಟ್ಟಿ ತಿರುವಿ ಹಾಕಿದ್ರ ಬಿರದ ಹೋಗತೈತಿ. ಏನ ಅಡಿಗಿ ಮಾಡ್ತೀರ್ರೀ ನೀವು?"

"ನಾ ರೊಟ್ಟಿ ತಿಂದಾಂವ ಅವ್ವಾರ, ಬಡದಾಂವ ಅಲ್ಲ. ಲಾರ್‍ಯಾಗ ಬರೇ ಅನ್ನಾ ಬ್ಯಾಳಿ." ಚಾಚಾ ಕಟ್ಟೆಯೊಳಗೆ ಎಡಕ್ಕೂ ಬಲಕ್ಕೂ ಕಣ್ಣಾಡಿಸಿದರು. ಕೊಡ ಇತ್ತು, ಇಕ್ಕಳ ಇತ್ತು. ಅರಿವೆ ಇರಲಿಲ್ಲ. "ಅರಿವಿ ಎಲ್ಲೈತಿ? ಅರಿವೀನ ಇಟ್ಟಿಲ್ಲ ನಾ. ಮತ್ತ ಇಷ್ಟು ವರ್ಷ ಇಲ್ಲಿ ಬಂದ ಹೆಣ್ಣಮಕ್ಕಳು ಹೆಂಗ ಮಾಡಿದ್ರು?"

"ಹೆಂಗ ಮಾಡ್ತಾರ? ಸೆರಗಿನ ತುದಿ ಹರಕೊಂಡಿರ್ತಾರ."

ಚಾಚಾನ ಮುಖ ಇಳಿದುಹೋಯಿತು. ಕನ್ನಡಿಯ ವಿಷಯಕ್ಕೆ ನಕ್ಕವರು ಇದಕ್ಕೆ ನಗಲಿಲ್ಲ. "ಯಾ ಅಲ್ಲಾ! ನನ್ನ ಖೋಲ್ಯಾಗ ಎಷ್ಟ ಮಂದಿ ಸೆರಗ ಹರಕೊಂಡಾರೋ! ಒಬ್ಬರರ ಬಾಯಿ ಬಿಟ್ಟು ಹೇಳಲಿಲ್ಲಲ್ಲ!" ಎಂದರು.

"ನಿಮಗೇನಂತ ಹೇಳ್ತಾರ್ರೀ? ನಿಮ್ಮನ್ಯಾಗಿನ ಅರಿವಿ ಕೊಡ್ರಿ ಅಂತ ಕೇಳಾಕ ಆಕ್ಕೈತೇನು?"

ಅವ್ವ ಹೇಳಿದ್ದು ತನ್ನದೇ ಮಾತು, ಅದು ಅವಳಿಗೂ ಕೇಳಿಸಿತು. ಚಾಚಾ ಮಾತ್ರ ಅದನ್ನು ಕೊರತೆಯ ಪಟ್ಟಿಗೆ ಇನ್ನೊಂದು ಸಾಮಾನು ಸೇರಿದಂತೆ ತಲೆದೂಗಿ ಒಪ್ಪಿಕೊಂಡು, ಕೋಲೂರಿ ಎದ್ದು ಹೋದರು.

ಸ್ವಲ್ಪ ಹೊತ್ತಿಗೆ ಕುಂಟುತ್ತ ತಿರುಗಿ ಬಂದರು. ಕಂಕುಳಲ್ಲಿ ಅಂಗಡಿಯಿಂದ ಈಗಷ್ಟೇ ತಂದ ಬಿಳಿ ಕೋರಾ ಅರಿವೆಯ ಮಡಿಕೆ. ಅದನ್ನು ಅವ್ವನ ಗಂಟಿನ ಪಕ್ಕದಲ್ಲಿ, ಅಂಗಡಿಯ ಕಾಗದದ ಸಮೇತ ಇಟ್ಟು ಎರಡು ಹೆಜ್ಜೆ ಹಿಂದೆ ಸರಿದು ನಿಂತರು.

"ನೀವ ಹರೀರಿ ಅವ್ವಾರ. ನಾ ಹರದ್ರ ಮಂದಿ ಹಳೀದು ಅಂತಾರ. ಎಷ್ಟು ಅಗಲ ಬೇಕು, ನನಗ ಗೊತ್ತಿಲ್ಲ."

ಅವ್ವ ಅದನ್ನು ನೋಡಿದಳು. ದೂರದಲ್ಲಿ ಗಾಡಿಯ ಸಿಳ್ಳು ಕೇಳಿಸಿತು. ಅವ್ವ ಅರಿವೆಯನ್ನು ಎತ್ತಿಕೊಂಡು, ಮೊಳ ಹಾಕಿ ಅಳೆದು, ಹಲ್ಲಿನಿಂದ ಅಂಚು ಕಚ್ಚಿ ಚರ್ರನೆ ಹರಿದಳು. ಒಂದು, ಎರಡು, ಮೂರು. ನನ್ನ ನೌಕರಿ ಉಳಿದ ಸದ್ದು ಅದು.

"ಗಾಡಿ?" ಎಂದೆ ನಾನು.

"ನಾಳಿ ಇರೂದಿಲ್ಲೇನು ಗಾಡಿ? ಆ ನವಲಗುಂದದಾಕಿ ರೊಟ್ಟಿ ಹೆಂಗ ಬಡೀತಾಳ ನೋಡೇ ಹೋಗ್ತೇನಿ," ಎಂದು ಎದ್ದು, ಮೂರನೆಯ ತುಂಡನ್ನು ನಮ್ಮ ಖೋಲಿಯ ಒಲೆಯ ಪಕ್ಕದಲ್ಲಿ ಇಟ್ಟಳು. ಪಾತ್ರೆಗಳನ್ನು ಹುಣಸೆಹಣ್ಣು ಹಾಕಿ ಮೂರು ಸಲ ತಿಕ್ಕಿದಳು. ಒಲೆ ಹೊತ್ತಿಸಿದಳು. ಆ ಮಧ್ಯಾಹ್ನ ನಾನು ಶಾಲೆಯಿಂದ ಬಂದು ಬಿಸಿ ರೊಟ್ಟಿ, ಖಾರವಿಲ್ಲದ ಹೆಸರುಕಾಳು ಪಲ್ಲೆ ಉಂಡೆ. ಅವ್ವ ಐದು ತಿಂಗಳು ಗಾಡಿಯ ಮಾತು ಎತ್ತಲಿಲ್ಲ.

ಆ ಐದು ತಿಂಗಳಲ್ಲಿ ಯಾವ ಖೋಲಿ ಖಾಲಿಯಾದರೂ ಚಾಚಾನ ಬರಿಗೈ ಅಡುಗೆಗೆ ಅವ್ವನ ತಪಾಸಣೆ ತಪ್ಪಲಿಲ್ಲ. ಹೊಸ್ತಿಲ ಹೊರಗೆ ಕೂತು, "ಒಗ್ಗರಣಿ ಸೀದೈತಿ," "ಸಾಬರ, ಅನ್ನಾ ತಳಾ ಹಿಡದೈತಿ, ಮೂಗಿಗೆ ಬರವಲ್ದೇನು?" ಎಂದು ಕಾಡುತ್ತಿದ್ದಳು. "ಅವ್ವಾರ ಬಂದ್ಮ್ಯಾಲೆ ನನ್ನ ಅಡಿಗಿ ಕೆಟ್ಟೈತಿ ನೋಡ್ರಿ," ಎಂದು ಚಾಚಾ ನನ್ನ ಕಡೆ ದೂರುತ್ತಿದ್ದರು.

ನಾನೂ ಒಮ್ಮೆ ನನ್ನ ಓದಿನ ಬಲ ತೋರಿಸಲು ಹೋದೆ. ಖೋಲಿಯಲ್ಲಿ ಇರಬೇಕಾದ ಸಾಮಾನುಗಳ ಪಟ್ಟಿಯನ್ನು ದುಂಡಗಿನ ಅಕ್ಷರದಲ್ಲಿ ಬರೆದು, ಇದನ್ನು ಗೋಡೆಗೆ ಹಚ್ಚೋಣ, ದಿನಾ ಈ ಆಟ ಯಾಕೆ ಎಂದೆ. ಚಾಚಾ ಕಾಗದವನ್ನು ಗೌರವದಿಂದ ಎರಡೂ ಕೈಯಲ್ಲಿ ಹಿಡಿದು ಕೇಳಿದರು, "ಇದರಾಗ ಕಸಬರಿಗಿ ಬರದಿಯೇನು ಬೇಟಾ?" ಬರೆದಿರಲಿಲ್ಲ. "ನೀ ಶ್ಯಾಣ್ಯಾ ಇದ್ದೀ. ಆದ್ರ ನೀ ಕುರ್ಚಿ ಮ್ಯಾಲ ಕೂತು ಬರದಿ. ಕಸಾ ನೆಲದ ಮ್ಯಾಲ ಇರತೈತಿ." ಬಿ.ಎ. ಪಾಸಾದ ಮೇಲೆ ನನಗೆ ಸಿಕ್ಕ ದೊಡ್ಡ ಪಾಠ ಇದೇ ಎಂದು ಧೈರ್ಯವಾಗಿ ಹೇಳುತ್ತೇನೆ. ಇವತ್ತಿಗೂ ಪರೀಕ್ಷೆಯ ದಿನ ಮಕ್ಕಳು ಬರುವ ಮೊದಲು ನಾನು ಅವರ ಬೆಂಚಿನ ಮೇಲೆ ಕೂತು, ಬರಿಗೈಯಲ್ಲಿ ಒಂದು ಉತ್ತರ ಬರೆದು ನೋಡುತ್ತೇನೆ. ಮಸಿ ದೌತಿಗೆ ಜಾಗ ಉಂಟೋ, ಬಿಸಿಲು ಹಾಳೆಯ ಮೇಲೆ ಬೀಳುತ್ತದೋ, ಬೆಂಚು ಅಲುಗಾಡುತ್ತದೋ ಆಗಲೇ ತಿಳಿಯುತ್ತದೆ. ಜೊತೆಯ ಮಾಸ್ತರರು ನಗುತ್ತಾರೆ, ನಗಲಿ.

ಐದು ತಿಂಗಳಾದ ಮೇಲೆ ಬಾಡಿಗೆ ಮನೆ ಸಿಕ್ಕಿತು. ಅವ್ವ ಒಲೆ ಸಾರಿಸಿ, ಸಾಮಾನು ಜೋಡಿಸಿ, ಹಾಲು ಉಕ್ಕಿಸುವ ಮೊದಲು, "ಹೋಗಿ ಸಾಬರ್ನ ಕರಕೊಂಡ ಬಾ," ಎಂದಳು. ನನಗೆ ಅರ್ಥವಾಗಲಿಲ್ಲ, ಆದರೂ ಹೋದೆ. ಚಾಚಾ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದರು. ಅಡುಗೆಮನೆಯ ಹೊಸ್ತಿಲಿಗೆ ಬಂದು ನಿಂತರು.

"ಇಲ್ಲಿಂದ ನೋಡ್ತೇನಿ ಅವ್ವಾರ."

"ಅಲ್ಲಿಂದ ನಿಮ್ಮ ಕೈ ಎಲ್ಲಿ ಮುಟ್ಟತೈತಿ? ಇಲ್ಲಿ ಕಟ್ಟಿ ಗಿಟ್ಟಿ ಇಲ್ಲ. ಒಳಗ ಬಂದು ಕೂಡ್ರಿ. ಏನ ಕಡಿಮಿ ಐತಿ ನೋಡಿ ಹೇಳ್ರಿ."

ಒಂದು ಸಂಗತಿ ಮುಚ್ಚಿಡುವುದಿಲ್ಲ. ಚಾಚಾನ ಮನೆಯಲ್ಲಿ ಬೆಂದದ್ದನ್ನು ಅವ್ವ ಅಂದೂ ಉಂಡವಳಲ್ಲ, ಮುಂದೂ ಉಣ್ಣಲಿಲ್ಲ. ಅವಳು ಬೆಳೆದ ರೀತಿ ಅದು, ನಾನು ಓದಿದ ಪುಸ್ತಕಗಳಿಂದ ಅದು ಬದಲಾಗಲಿಲ್ಲ. ಆದರೆ ಆ ಮುಂಜಾನೆ ಅವಳೇ ಮಣೆ ಹಾಕಿದಳು, ಒಲೆಯ ಎದುರಿಗೆ, ಕೈಗೆ ಎಟಕುವಷ್ಟು ಹತ್ತಿರ.

ಚಾಚಾ ಕಾಲು ತೊಳೆದು ಒಳಗೆ ಬಂದರು. ಸೊಟ್ಟ ಕಾಲು ಚಾಚಿ ಕೂತು, ಗಾಳಿಯಲ್ಲಿ ಕಡ್ಡಿ ಗೀರಿ, ಊದಿ, ಎಸರಿಟ್ಟು, ಹಿಟ್ಟು ನಾದಿದರು. ಕೈ ಚಾಚಿದಲ್ಲೆಲ್ಲ ಎಲ್ಲವೂ ಇತ್ತು, ಎಲ್ಲೂ ನಿಲ್ಲಲಿಲ್ಲ. ರೊಟ್ಟಿ ಬಡಿದು ಹಂಚಿಗೆ ಹಾಕಿದರು. ಆಮೇಲೆ ಅವ್ವನ ಕಡೆ ನೋಡಿ, ಬಲಕ್ಕೆ ಕೈ ಚಾಚಿ, ಅಲ್ಲಿದ್ದ ನಿಜವಾದ ಅರಿವೆಯನ್ನು ಎತ್ತಿಕೊಂಡು, ಇಲ್ಲದ ರೊಟ್ಟಿಯ ಮೇಲೆ ಸಾವಕಾಶವಾಗಿ ನೀರು ಸವರಿದರು. ತಿರುವಿ ಹಾಕಿದರು. ಉಬ್ಬುವವರೆಗೆ ಕಾದರು. ಎರಡು ಬೆರಳಲ್ಲಿ ಎತ್ತಿ ಅವ್ವನ ಮುಂದೆ ಹಿಡಿದರು.

"ಹಿಡೀರಿ ಅವ್ವಾರ. ಬಿಸಿ ಐತಿ, ಜ್ವಾಕಿ."

ಅವ್ವ ಎರಡೂ ಕೈ ಒಡ್ಡಿ ಇಸಿದುಕೊಂಡಳು. ಆಮೇಲೆ ಅಂಗೈ ಸುಡುತ್ತಿರುವವರ ಹಾಗೆ, ಉಫ್ ಉಫ್ ಎಂದು ಊದುತ್ತ, ಅದನ್ನು ಈ ಕೈಯಿಂದ ಆ ಕೈಗೆ, ಆ ಕೈಯಿಂದ ಈ ಕೈಗೆ ಬದಲಿಸುತ್ತ ನಿಂತಳು.